ಗರಡಿಯಿಂದ ಗೋಲುಕಂಬದವರೆಗೆ: ತಂಡಗಳಿಗೆ ಹೆಸರು ಬಂದ ಬಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ - ವಿಜಯಪುರ ಜಿಲ್ಲೆಯ ಈ ನಾಲ್ಕು ಹಳೆಯ ತಾಲ್ಲೂಕುಗಳ ಊರುಗಳಲ್ಲಿ ಅಗಸಿಯ ಹತ್ತಿರವೋ, ಹಣಮಂತ ದೇವರ ಗುಡಿಯ ಮಗ್ಗುಲಿಗೋ ಒಂದು ತಗಡಿನ ಫಲಕ ಕಣ್ಣಿಗೆ ಬೀಳುವುದುಂಟು. ಮೇಲೆ ದೇವರದೋ ಶರಣರದೋ ಹೆಸರು, ಅದರ ಕೆಳಗೆ 'ತರುಣ ಸಂಘ' ಎಂಬ ಎರಡು ಪದ, ಇನ್ನೂ ಕೆಳಗೆ ಊರು, ತಾಲ್ಲೂಕು, ಜಿಲ್ಲೆ. ಜಾತ್ರೆಯಲ್ಲಿ ಕಬಡ್ಡಿ ಪಂದ್ಯ ನಡೆದಾಗ ಧ್ವನಿವರ್ಧಕದಲ್ಲಿ ಕೂಗುವುದು ಈ ಹೆಸರನ್ನೇ. ಆಡುವ ಹುಡುಗರ ಹೆಸರು ಪಕ್ಕದ ಊರಿನವರಿಗೆ ಗೊತ್ತಿರುವುದಿಲ್ಲ. ಸಂಘದ ಹೆಸರು ಗೊತ್ತಿರುತ್ತದೆ. ಆಡಿದವರಿಗೆ ವಯಸ್ಸಾಗುತ್ತದೆ, ಮಕ್ಕಳು ಆಡತೊಡಗುತ್ತಾರೆ, ಫಲಕಕ್ಕೆ ಮತ್ತೆ ಬಣ್ಣ ಹಚ್ಚಲಾಗುತ್ತದೆ. ಹೆಸರು ಮಾತ್ರ ಅದೇ ಉಳಿಯುತ್ತದೆ.

ತಂಡ ಕಟ್ಟುವವರು ಮೊದಲು ಹೆಸರು ಹುಡುಕುತ್ತಾರೆ, ಚೆಂಡು ಕೊಳ್ಳುವುದು ಆಮೇಲೆ. ಹೆಸರೆಂದರೆ 'ನಾವು ಯಾರು' ಎಂಬ ಪ್ರಶ್ನೆಗೆ ಹತ್ತು ಹದಿನೈದು ಹುಡುಗರು ತಮಗೆ ತಾವೇ ಕೊಟ್ಟುಕೊಂಡ ಉತ್ತರ. ಆ ಉತ್ತರದೊಳಗೆ ಯಾರು ಬರುತ್ತಾರೆ, ಯಾರು ಹೊರಗೆ ನಿಲ್ಲುತ್ತಾರೆ ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ಜಗತ್ತಿನ ಹೆಸರಾಂತ ಫುಟ್‌ಬಾಲ್ ಕ್ಲಬ್‌ಗಳು ಹುಟ್ಟಿದ್ದೂ ಹೀಗೆಯೇ. ಅವುಗಳ ಹೆಸರಿನ ಮೂಲ ಹುಡುಕುತ್ತ ಹೋದರೆ ಹಳ್ಳಿಯ ತಗಡಿನ ಫಲಕದ ಅರ್ಥವೂ ಬಿಚ್ಚಿಕೊಳ್ಳುತ್ತದೆ.

ಕಾರ್ಖಾನೆ, ಚರ್ಚು, ಬುಧವಾರ

ಫುಟ್‌ಬಾಲ್ ಕ್ಲಬ್ ಎಂಬ ಸಂಸ್ಥೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1857ರಲ್ಲಿ ಆರಂಭವಾದ ಶೆಫೀಲ್ಡ್ ಕ್ಲಬ್ಬನ್ನು ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಫುಟ್‌ಬಾಲ್ ಕ್ಲಬ್ ಎಂದು ಗಣಿಸಲಾಗುತ್ತದೆ. ಆ ಕಾಲದ ಇಂಗ್ಲೆಂಡಿನಲ್ಲಿ ಕಾರ್ಖಾನೆಯ ಕೆಲಸಗಾರರಿಗೆ ವಾರಕ್ಕೆ ಅರ್ಧ ದಿನದ ಬಿಡುವು ಸಿಗತೊಡಗಿತ್ತು. ಆ ಅರ್ಧ ದಿನವೇ ಆಟದ ದಿನವಾಯಿತು. ಅದೇ ಶೆಫೀಲ್ಡ್ ನಗರದಲ್ಲಿ ಬುಧವಾರ ಬಿಡುವಿದ್ದ ಕಸುಬುದಾರರು ಕ್ರಿಕೆಟ್ ತಂಡ ಕಟ್ಟಿ ಅದಕ್ಕೆ 'ವೆಡ್ನೆಸ್‌ಡೇ' ಎಂದೇ ಹೆಸರಿಟ್ಟರು. 1867ರಲ್ಲಿ ಆ ಕ್ಲಬ್ ಫುಟ್‌ಬಾಲ್ ಆಡತೊಡಗಿತು. ಬುಧವಾರದ ಬಿಡುವು ಹೋಗಿ ಎಷ್ಟೋ ಕಾಲವಾಯಿತು. 'ಶೆಫೀಲ್ಡ್ ವೆಡ್ನೆಸ್‌ಡೇ' ಎಂಬ ಹೆಸರು ಉಳಿದಿದೆ. ಸೋಮವಾರ ಎತ್ತು ಹೂಡದ ನಮ್ಮ ಸೀಮೆಯ ಒಕ್ಕಲಿಗರಿಗೆ ಈ ಲೆಕ್ಕ ಹೊಸದೇನಲ್ಲ. ಬಿಡುವಿನ ದಿನಕ್ಕೆ ತನ್ನದೇ ಒಂದು ಮರ್ಯಾದೆ ಇರುತ್ತದೆ.

ಇನ್ನು ಕೆಲವು ಹೆಸರುಗಳು ಕೆಲಸದ ಜಾಗದಿಂದ ಬಂದವು. 1886ರಲ್ಲಿ ಲಂಡನ್ನಿನ ವುಲಿಚ್‌ನಲ್ಲಿ ಸರಕಾರಿ ಮದ್ದುಗುಂಡು ಕಾರ್ಖಾನೆಯ ಕೆಲಸಗಾರರು ಒಂದು ತಂಡ ಮಾಡಿಕೊಂಡರು. ಅವರು ದುಡಿಯುತ್ತಿದ್ದ ವಿಭಾಗದ ಹೆಸರಿನಿಂದ ಅದು ಮೊದಲು 'ಡಯಲ್ ಸ್ಕ್ವೇರ್' ಎನಿಸಿಕೊಂಡಿತು. ಆಮೇಲೆ ಕಾರ್ಖಾನೆಯ ಹೆಸರೇ ಬಂತು: ಆರ್ಸೆನಲ್, ಅಂದರೆ ಆಯುಧಾಗಾರ. 1913ರಲ್ಲಿ ಕ್ಲಬ್ ನಗರದ ಇನ್ನೊಂದು ತುದಿಗೆ ಹೋಯಿತು. ಕಾರ್ಖಾನೆ ಹಿಂದೆ ಉಳಿಯಿತು, ಹೆಸರು ಜೊತೆಗೆ ಬಂತು. ಇಂದಿಗೂ ಆ ತಂಡದ ಲಾಂಛನದಲ್ಲಿ ತೋಪು ಇದೆ. ಮ್ಯಾಂಚೆಸ್ಟರ್ ಯುನೈಟೆಡ್ 1878ರಲ್ಲಿ ಹುಟ್ಟಿದಾಗ ಅದು ನ್ಯೂಟನ್ ಹೀತ್ ಎಂಬಲ್ಲಿಯ ರೈಲು ಗಾಡಿ ಕಾರ್ಖಾನೆಯವರ ತಂಡ. 1902ರಲ್ಲಿ ಸಾಲದಲ್ಲಿ ಮುಳುಗಿ, ಹೊಸ ಧಣಿಗಳು ಕೈಹಿಡಿದಾಗ ಈಗಿನ ಹೆಸರು ಬಂತು. ಎವರ್ಟನ್ ತಂಡದ ಬೇರು ಸೇಂಟ್ ಡೊಮಿಂಗೊ ಎಂಬ ಚರ್ಚಿನಲ್ಲಿದೆ. 1878ರಲ್ಲಿ ಅದೇ ಹೆಸರಿನಿಂದ ಆಡಿ, ಹೊರಗಿನವರೂ ಸೇರಬಯಸಿದಾಗ 1879ರಲ್ಲಿ ಬಡಾವಣೆಯ ಹೆಸರಿಗೆ ಬದಲಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಗುಡಿಯ ಹೆಸರಿನಿಂದ ಊರಿನ ಹೆಸರಿಗೆ ಹೋದಾಗ ತಂಡದ ಬಾಗಿಲು ಅಗಲವಾಯಿತು.

ತೋಟದ ಹೆಸರು, ಕಳೆದುಹೋದ ನಾಡಿನ ಹೆಸರು

ಭಾರತಕ್ಕೆ ಫುಟ್‌ಬಾಲ್ ಬಂದದ್ದು ಬ್ರಿಟಿಷ್ ಸೈನಿಕರ ಜೊತೆಗೆ. ಅದು ಜನರ ಆಟವಾದದ್ದು ಕೋಲ್ಕತ್ತದಲ್ಲಿ. 1889ರ ಆಗಸ್ಟ್ 15ರಂದು ಅಲ್ಲಿ ಹುಟ್ಟಿದ ಮೋಹನ್ ಬಗಾನ್ ಕ್ಲಬ್ಬಿಗೆ ಆ ಹೆಸರು ಬಂದದ್ದು ಉತ್ತರ ಕೋಲ್ಕತ್ತದ ಒಂದು ಬಂಗಲೆಯಿಂದ. ಅದರ ಹೆಸರು ಮೋಹನ್ ಬಗಾನ್ ವಿಲ್ಲಾ. 'ಬಗಾನ್' ಎಂದರೆ ತೋಟ. ವಿಜಯಪುರದ ಪೇಟೆಯಲ್ಲಿ ಹಣ್ಣು ಮಾರುವ ಬಾಗವಾನರ ಹೆಸರಿನಲ್ಲಿರುವ, ಬೆಂಗಳೂರಿನ ಲಾಲ್‌ಬಾಗ್‌ನಲ್ಲಿರುವ 'ಬಾಗ್' ಅದೇ ಫಾರ್ಸಿ ಪದ. ಕ್ಲಬ್ಬಿನ ಹೆಸರಿನ ಕೊನೆಯಲ್ಲಿ ಮೊದಲು 'ಸ್ಪೋರ್ಟಿಂಗ್' ಎಂದಿತ್ತು. ಮೊದಲ ವಾರ್ಷಿಕ ಸಭೆಗೆ ಬಂದಿದ್ದ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು, ಇಲ್ಲಿ ಯಾರೂ ಗಾಳ ಹಾಕಿ ಮೀನು ಹಿಡಿಯುವುದಿಲ್ಲ, ಬಂದೂಕಿನಿಂದ ಗುರಿ ಹೊಡೆಯುವುದಿಲ್ಲ, ಮತ್ತೆ ಆ ಪದ ಹೇಗೆ ಸರಿ ಎಂದು ಆಕ್ಷೇಪಿಸಿದರಂತೆ. ಅಂದಿನಿಂದ ಅದು 'ಅಥ್ಲೆಟಿಕ್ ಕ್ಲಬ್' ಆಯಿತು. 1911ರಲ್ಲಿ ಈ ತೋಟದ ಹೆಸರಿನ ತಂಡ ಬಹುಪಾಲು ಬರಿಗಾಲಿನಲ್ಲೇ ಆಡಿ, ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಾಗ ಅದು ಇಡೀ ದೇಶದ ಗೆಲುವಾಯಿತು.

ಈಸ್ಟ್ ಬೆಂಗಾಲ್ ಕ್ಲಬ್ ಹುಟ್ಟಿದ್ದು ಮುನಿಸಿನಿಂದ. 1920ರ ಜುಲೈನಲ್ಲಿ ಜೋರಾಬಗಾನ್ ಎಂಬ ತಂಡ ಮೋಹನ್ ಬಗಾನ್ ಎದುರಿನ ಪಂದ್ಯದಿಂದ ಒಬ್ಬ ಆಟಗಾರನನ್ನು ಕೈಬಿಟ್ಟಿತು. ಪೂರ್ವ ಬಂಗಾಳದವನೆಂಬ ಕಾರಣಕ್ಕೇ ಹೀಗಾಯಿತೆಂದು ಭಾವಿಸಿದ ಅದರ ಉಪಾಧ್ಯಕ್ಷ ಸುರೇಶಚಂದ್ರ ಚೌಧುರಿ ಹೊರಬಂದರು. ಆಗಸ್ಟ್ 1ರಂದು ಹೊಸ ಕ್ಲಬ್ ಕಟ್ಟಲಾಯಿತು. ಕಟ್ಟಿದವರು ತಮ್ಮ ಸೀಮೆಯ ಹೆಸರನ್ನೇ ಇಟ್ಟರು. ಇಪ್ಪತ್ತೇಳು ವರ್ಷಗಳ ನಂತರ ದೇಶ ಒಡೆದು ಪೂರ್ವ ಬಂಗಾಳ ಗಡಿಯಾಚೆಗೆ ಹೋಯಿತು. ಮನೆ ಮಠ ಕಳೆದುಕೊಂಡು ಕೋಲ್ಕತ್ತಕ್ಕೆ ಬಂದ ಲಕ್ಷಾಂತರ ಜನರಿಗೆ ಅವರ ನಾಡಿನ ಹೆಸರು ಉಳಿದಿದ್ದ ಜಾಗಗಳಲ್ಲಿ ಫುಟ್‌ಬಾಲ್ ಮೈದಾನವೂ ಒಂದಾಯಿತು. ಆದರೆ ಆ ಹೆಸರಿಗೆ ಕೀರ್ತಿ ತಂದವರು ಬಂಗಾಳಿಗಳಷ್ಟೇ ಅಲ್ಲ. 1950ರ ಸುಮಾರಿನಲ್ಲಿ ಆ ತಂಡದ ಮುಂಪಡೆಯಲ್ಲಿ ಆಡುತ್ತಿದ್ದ ಐವರನ್ನು ಜನ 'ಪಂಚಪಾಂಡವರು' ಎಂದು ಕರೆದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ - ಐವರೂ ದಕ್ಷಿಣದವರು. ಚೆಂಡನ್ನು ಹಾವಾಡಿಗನಂತೆ ಆಡಿಸುತ್ತಿದ್ದ ಅಹ್ಮದ್ ಖಾನ್ ಬೆಂಗಳೂರಿನ ಹುಡುಗ. ಹೆಸರು ಒಂದು ನಾಡಿನದು, ಆಡಿದವರು ಇನ್ನೊಂದು ನಾಡಿನವರು. ನೋಡುವವರಿಗೆ ಇದರಲ್ಲಿ ಯಾವ ತೊಡಕೂ ಕಾಣಲಿಲ್ಲ.

ಹೆಸರೇ ಗೋಡೆಯಾದಾಗ

ಎಲ್ಲ ಹೆಸರುಗಳೂ ಹೀಗೆ ಉದಾರವಾಗಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಧರ್ಮದ ಹೆಸರಿನ ತಂಡಗಳು ಸಾಮಾನ್ಯವಾಗಿದ್ದವು. ಮುಂಬಯಿಯ ಕ್ರಿಕೆಟ್ ಪಂದ್ಯಾವಳಿಯಲ್ಲಿ ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್ ಎಂದೇ ತಂಡಗಳಿದ್ದವು. ಯಾವುದಕ್ಕೂ ಸೇರದವರಿಗೆ 'ಇತರರು' ಎಂಬ ಇನ್ನೊಂದು ತಂಡ ಸೇರಿಕೊಂಡಿತು. ಗಾಂಧೀಜಿ 1940ರಲ್ಲಿ ಈ ಪದ್ಧತಿಯನ್ನು ವಿರೋಧಿಸಿದರು. 1946ರ ಹೊತ್ತಿಗೆ ಅದು ನಿಂತುಹೋಯಿತು.

'ಹಿಂದೂ' ಎಂಬ ಹೆಸರಿನೊಳಗೂ ಗೋಡೆಗಳಿದ್ದವು ಎಂಬುದಕ್ಕೆ ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಅವರ ಬದುಕೇ ಸಾಕ್ಷಿ. ದಲಿತ ಕುಟುಂಬದ ಬಾಳೂ ಆ ಕಾಲದ ಭಾರತದ ಶ್ರೇಷ್ಠ ಎಡಗೈ ಸ್ಪಿನ್ ಬೌಲರ್. ಪುಣೆಯಲ್ಲಿ ಮೈದಾನದೊಳಗೆ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಚಹದ ಹೊತ್ತಿಗೆ ಮಾತ್ರ ಅವರು ಹೊರಗೆ ನಿಲ್ಲಬೇಕಾಗುತ್ತಿತ್ತು. ಅವರಿಗೆ ಚಹ ಮಣ್ಣಿನ ಬೇರೆ ಕುಡಿಕೆಯಲ್ಲಿ. ಹಿಂದೂ ತಂಡವನ್ನು ಎಷ್ಟು ಸಲ ಗೆಲ್ಲಿಸಿದರೂ ಬಾಳೂ ಅದರ ನಾಯಕರಾಗಲಿಲ್ಲ. ಆ ಗೌರವ 1923ರಲ್ಲಿ ಅವರ ತಮ್ಮ ವಿಠ್ಠಲ ಅವರಿಗೆ ಸಂದಿತು. ಫಲಕದ ಮೇಲೆ ಬರೆದ ಹೆಸರು ದೊಡ್ಡದಿದ್ದ ಮಾತ್ರಕ್ಕೆ ಒಳಗಿನ ಪಂಕ್ತಿ ದೊಡ್ಡದಾಗುವುದಿಲ್ಲ ಎಂಬ ಪಾಠ ಇಲ್ಲಿದೆ.

ಫುಟ್‌ಬಾಲಿನಲ್ಲಿ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ 1934ರಿಂದ 1938ರವರೆಗೆ ಸತತ ಐದು ವರ್ಷ ಅಲ್ಲಿಯ ಲೀಗ್ ಗೆದ್ದು ದೇಶದ ಗಮನ ಸೆಳೆದಿತ್ತು. ಅದನ್ನು 1937ರ ರೋವರ್ಸ್ ಕಪ್ ಫೈನಲ್‌ನಲ್ಲಿ ಸೋಲಿಸಿದ್ದು ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೆಳೆದ 'ಬೆಂಗಳೂರು ಮುಸ್ಲಿಮ್ಸ್' ತಂಡ. ಮುಂಬಯಿಯಲ್ಲಿ ನಡೆಯುತ್ತಿದ್ದ ಆ ಕಪ್ಪನ್ನು ಅಲ್ಲಿಯವರೆಗೆ ಬ್ರಿಟಿಷ್ ಸೇನಾ ತಂಡಗಳೇ ಒಯ್ಯುತ್ತಿದ್ದವು. ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಎಂಬ ಹೆಸರು ನಮ್ಮ ರಾಜ್ಯದ ಈ ಕ್ಲಬ್ಬಿಗೆ ಸಲ್ಲುತ್ತದೆ. 1938ರಲ್ಲೂ 1948ರಲ್ಲೂ ಅದು ಮತ್ತೆ ಗೆದ್ದಿತು.

ಒಂದು ಹೆಸರು, ಎರಡು ಭೂಪಟ

ರಾಜ್ಯ ತಂಡದ ಹೆಸರಿನ ಕಥೆ ವಿಜಯಪುರ ಸೀಮೆಯವರಿಗೆ ಇನ್ನೂ ಹತ್ತಿರದ್ದು. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು 'ಮೈಸೂರು' ನಾಲ್ಕು ಸಲ ಗೆದ್ದಿದೆ: 1946-47, 1952-53, 1967-68 ಮತ್ತು 1968-69ರಲ್ಲಿ. ದಾಖಲೆಯ ಪುಸ್ತಕದಲ್ಲಿ ನಾಲ್ಕೂ ಕಡೆ ಒಂದೇ ಹೆಸರು. ಆದರೆ ಮೊದಲ ಎರಡು ಗೆಲುವಿನ ಹೊತ್ತಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳು ಮುಂಬಯಿಯ ಆಡಳಿತದಲ್ಲಿದ್ದವು. ಅಲ್ಲಿಯ ಜನರಿಗೆ ಮೈಸೂರೆಂದರೆ ಬೇರೆ ರಾಜ್ಯ. 1956ರ ಏಕೀಕರಣದಿಂದ ಅವರೂ ಮೈಸೂರು ರಾಜ್ಯದವರಾದರು. ಕೊನೆಯ ಎರಡು ಗೆಲುವು ಲೆಕ್ಕದ ಪ್ರಕಾರ ಅವರದೂ ಹೌದು. ಆದರೂ ತಮ್ಮದಲ್ಲದ ಊರಿನ ಹೆಸರನ್ನು ಹೊತ್ತು ತಿರುಗುವ ಬೇಸರ ಉತ್ತರದ ಜಿಲ್ಲೆಗಳಲ್ಲಿ ಇದ್ದೇ ಇತ್ತು. 1973ರ ನವೆಂಬರ್ 1ರಂದು ರಾಜ್ಯ 'ಕರ್ನಾಟಕ'ವಾಯಿತು.

ಆಮೇಲೆ ಆದದ್ದು ಮಾತ್ರ ವಿಚಿತ್ರ. ಎಲ್ಲರನ್ನೂ ಒಳಗೊಂಡ ಹೆಸರು ಬಂತು, ಗೆಲುವು ಬರಲಿಲ್ಲ. 'ಕರ್ನಾಟಕ' ಎಂಬ ಹೆಸರಿನಲ್ಲಿ ಸಂತೋಷ್ ಟ್ರೋಫಿ ಮೊದಲ ಸಲ ಕೈಗೆ ಬಂದದ್ದು 2023ರ ಮಾರ್ಚಿನಲ್ಲಿ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ಮೈಸೂರಿನ ಕೊನೆಯ ಗೆಲುವಿನಿಂದ ಅಲ್ಲಿಗೆ 54 ವರ್ಷ.

ನಡುವಿನ ಈ ಕಾಲದಲ್ಲಿ ರಾಜ್ಯದ ಫುಟ್‌ಬಾಲನ್ನು ಸಾಕಿದವು ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳು. ಅಲ್ಲಿ ತಂಡಕ್ಕೆ ಹೆಸರು ಹುಡುಕುವ ಪ್ರಮೇಯವೇ ಇರಲಿಲ್ಲ. ಸಂಬಳ ಕೊಡುವವರ ಹೆಸರೇ ತಂಡದ ಹೆಸರು. ಟೆಲಿಫೋನ್ ಕಾರ್ಖಾನೆಯ ಐಟಿಐ, ವಿಮಾನ ಕಾರ್ಖಾನೆಯ ಎಚ್‌ಎಎಲ್, ಇಂಥವು. 1977ರಲ್ಲಿ ನಡೆದ ಮೊದಲ ಫೆಡರೇಷನ್ ಕಪ್ಪಿನ ಫೈನಲ್‌ನಲ್ಲಿ ಮೋಹನ್ ಬಗಾನನ್ನು ಸೋಲಿಸಿದ್ದು ಈ ಐಟಿಐ. ಇಂಥ ತಂಡಗಳು ಬಡ ಕುಟುಂಬದ ಹುಡುಗರಿಗೆ ಕಾಯಂ ನೌಕರಿ ಕೊಟ್ಟವು; ಅದು ಸಣ್ಣ ಉಪಕಾರವಲ್ಲ. ಆದರೆ ಕಂಪನಿಯ ಹೆಸರಿನ ತಂಡದ ಆಯುಷ್ಯ ಕಂಪನಿಯ ಮನಸ್ಸಿನಷ್ಟೇ. ಮುಂಬಯಿಯ ಮಹೀಂದ್ರಾ ಯುನೈಟೆಡ್ 2010ರಲ್ಲಿ, ಪಂಜಾಬಿನ ಜೆಸಿಟಿ 2011ರಲ್ಲಿ ಬಾಗಿಲು ಹಾಕಿದವು. ಎರಡೂ ರಾಷ್ಟ್ರೀಯ ಲೀಗ್ ಗೆದ್ದಿದ್ದ ತಂಡಗಳು. ಆಡಳಿತ ಮಂಡಳಿಯ ಒಂದು ತೀರ್ಮಾನ ಸಾಕಾಯಿತು.

ತಾಲೀಮಿನ ಹುಡುಗರು

ಹಾಗಾದರೆ ಗಟ್ಟಿಯಾಗಿ ಉಳಿಯುವ ಹೆಸರು ಯಾವುದು? ಇದಕ್ಕೆ ಉತ್ತರ ಬೇಕಾದರೆ ವಿಜಯಪುರದಿಂದ ಪಡುವಣಕ್ಕೆ, ಗಡಿ ದಾಟಿ ಕೊಲ್ಲಾಪುರಕ್ಕೆ ಹೋಗಬೇಕು. ಉತ್ತರ ಕರ್ನಾಟಕದ ಪೈಲ್ವಾನರಿಗೆ ಕೊಲ್ಲಾಪುರ ಗುರುಮನೆ ಇದ್ದಂತೆ. ಶಾಹೂ ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನದ ಹೆಸರು ಇಲ್ಲಿಯ ಹಳ್ಳಿಗಳ ಹಿರಿಯರಿಗೂ ಪರಿಚಿತ. ಅದೇ ಕೊಲ್ಲಾಪುರದಲ್ಲಿ ಫುಟ್‌ಬಾಲ್ ಹುಚ್ಚೂ ಇದೆ ಎಂಬುದು ಅನೇಕರಿಗೆ ಗೊತ್ತಿಲ್ಲ. 2017ರಲ್ಲಿ ಭಾರತದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಆಡಿದ ಅನಿಕೇತ್ ಜಾಧವ್ ಅಲ್ಲಿಯವರು.

ಅಲ್ಲಿಯ ತಂಡಗಳ ಹೆಸರು ಕೇಳಿದರೆ ಫುಟ್‌ಬಾಲಿನ ವಾಸನೆಯೇ ಬರುವುದಿಲ್ಲ: ಪಾಟಾಕಡೀಲ ತಾಲೀಮ ಮಂಡಳ, ಖಂಡೋಬಾ ತಾಲೀಮ ಮಂಡಳ, ದಿಲ್‌ಬಹಾರ್ ತಾಲೀಮ ಮಂಡಳ, ಬಾಲಗೋಪಾಲ ತಾಲೀಮ ಮಂಡಳ, ಶಿವಾಜಿ ತರುಣ ಮಂಡಳ. 'ತಾಲೀಮು' ಎಂದರೆ ಕಲಿಕೆ, ಪಳಗಿಸುವಿಕೆ. ಅರಬ್ಬಿಯಿಂದ ಬಂದ ಈ ಪದ ಮರಾಠಿಯಲ್ಲೂ ಉತ್ತರ ಕರ್ನಾಟಕದ ಕನ್ನಡದಲ್ಲೂ ಗರಡಿಮನೆ ಎಂಬ ಅರ್ಥ ಪಡೆದಿದೆ. ಪೇಟೆಗೊಂದು ತಾಲೀಮು, ತಾಲೀಮಿಗೊಂದು ಹಣಮಪ್ಪನ ಮೂರ್ತಿ, ಕೆಂಪು ಮಣ್ಣಿನ ಕುಸ್ತಿ ಕಣ. ಅಲ್ಲಿ ಸಾಮು ಮಾಡುತ್ತಿದ್ದ ಹುಡುಗರೇ ಚೆಂಡಿಗೂ ಕಾಲು ಕೊಟ್ಟರು. ಹೊಸ ಆಟಕ್ಕೆ ಹೊಸ ಸಂಸ್ಥೆ ಬೇಕಾಗಲಿಲ್ಲ, ಹೊಸ ಹೆಸರೂ ಬೇಕಾಗಲಿಲ್ಲ.

ಈ ಹೆಸರುಗಳನ್ನು ಬಿಡಿಸಿ ನೋಡಿದರೆ ಒಂದೊಂದರಲ್ಲೂ ಒಂದೊಂದು ಬಗೆಯ 'ನಾವು' ಸಿಗುತ್ತದೆ. 'ಪಾಟಾಕಡೀಲ' ಎಂದರೆ ಕಾಲುವೆಯ ಕಡೆಯವರು. ಅದು ಜಾಗದ ಗುರುತು. 'ದಿಲ್‌ಬಹಾರ್' ಎಂದರೆ ಮನಸ್ಸಿನ ವಸಂತ; ಉರ್ದು ಸೊಗಸಿನ ಹೆಸರು. 'ಖಂಡೋಬಾ' ಕನ್ನಡಿಗರ ಮೈಲಾರಲಿಂಗ; ಗಡಿಯ ಎರಡೂ ಕಡೆಯ ಕುರುಬರು, ಒಕ್ಕಲಿಗರು ನಡೆದುಕೊಳ್ಳುವ ದೇವರು. ಆಟ ಹೊರಗಿನದಾದರೂ ಹೆಸರು ಓಣಿಯದು. ಸ್ಥಳೀಯ ಲೀಗ್‌ನ ಪಂದ್ಯಕ್ಕೆ ಶಾಹೂ ಕ್ರೀಡಾಂಗಣ ತುಂಬುವುದರ ಗುಟ್ಟು ಇಲ್ಲಿದೆ. ಮೈದಾನದಲ್ಲಿ ಆಡುವವನು ಪಕ್ಕದ ಮನೆಯವನು. ಸೋತರೆ ಮರುದಿನ ಚಹದಂಗಡಿಯಲ್ಲಿ ಉತ್ತರ ಕೊಡಬೇಕಾದವನೂ ಅವನೇ. ಓಣಿಯ ಅಭಿಮಾನ ಅತಿಯಾಗಿ ಪ್ರೇಕ್ಷಕರು ಕೈಕೈ ಮಿಲಾಯಿಸಿದ್ದೂ ಉಂಟು. ಆ ದೋಷವೂ ಇದೇ ಬೇರಿನದು.

ರೈಲು ಬರಲಿಲ್ಲ, ಫುಟ್‌ಬಾಲೂ ಬರಲಿಲ್ಲ

ಕೊಲ್ಲಾಪುರದಂತೆ ಇಲ್ಲಿಯೂ ಗರಡಿಗಳಿದ್ದವು. ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳಲ್ಲಿ ಫುಟ್‌ಬಾಲ್ ಏಕೆ ಬೇರೂರಲಿಲ್ಲ? ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಈ ಆಟ ದಂಡಿನ ಹಿಂದೆ, ರೈಲಿನ ಹಿಂದೆ, ಕಾರ್ಖಾನೆಯ ಹಿಂದೆ, ರಾಜರ ಕಾಲೇಜಿನ ಹಿಂದೆ ಬಂದ ಆಟ. 1880ರ ದಶಕದಲ್ಲಿ ಹೋಟಗಿಯಿಂದ ಗದಗಿಗೆ ಮೀಟರ್ ಗೇಜ್ ರೈಲು ಹಾಕಿದಾಗ ಅದು ಬಿಜಾಪುರವನ್ನು ಮುಟ್ಟಿತು; ತಾಲ್ಲೂಕಿನ ಊರುಗಳನ್ನು ಬದಿಗಿಟ್ಟು ಹೋಯಿತು. ಆ ಹಾದಿಯ ನಿಲ್ದಾಣಗಳ ಹೆಸರೇ ಇದನ್ನು ಹೇಳುತ್ತವೆ: ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್. 'ರೋಡ್' ಎಂದರೆ ಊರು ಇಲ್ಲಿಲ್ಲ, ಇಲ್ಲಿಂದ ದಾರಿ ಇದೆ ಎಂದರ್ಥ. ಸಿಂದಗಿ, ಮುದ್ದೇಬಿಹಾಳಗಳಿಗೆ ಅದೂ ಸಿಗಲಿಲ್ಲ.

ಎರಡನೆಯ ಕಾರಣ ನೆಲ. ಇದು ಎರೆಭೂಮಿ, ಹಿಂಗಾರಿ ಬಿಳಿಜೋಳದ ನಾಡು. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಮುದ್ದೆಯಾಗಿ ಅಂಟುತ್ತದೆ, ಬೇಸಿಗೆಯಲ್ಲಿ ಬಾಯಿಬಿಟ್ಟು ನಿಲ್ಲುತ್ತದೆ. ಕೋಲ್ಕತ್ತದ ಲೀಗ್ ನಡೆಯುವುದು ಮಳೆಗಾಲದಲ್ಲಿ. ಇಲ್ಲಿ ಆ ಮಾತೇ ಇಲ್ಲ. ರಾಶಿ ಮುಗಿದು ಜಾತ್ರೆಗಳು ಶುರುವಾದಾಗಲೇ ಆಟದ ಕಾಲ. ಪುರುಷರ ಕಬಡ್ಡಿ ಅಂಕಣಕ್ಕೆ 13 ಮೀಟರ್ ಉದ್ದ, 10 ಮೀಟರ್ ಅಗಲ ಸಾಕು. 105 ಮೀಟರ್ ಉದ್ದ, 68 ಮೀಟರ್ ಅಗಲದ ಫುಟ್‌ಬಾಲ್ ಮೈದಾನದಲ್ಲಿ ಇಂಥ ಐವತ್ತಕ್ಕೂ ಹೆಚ್ಚು ಅಂಕಣಗಳು ಹಿಡಿಯುತ್ತವೆ. ಗುಡಿಯ ಮುಂದಿನ ಬಯಲಿನಲ್ಲಿ ಕಬಡ್ಡಿಗೂ ಕುಸ್ತಿಗೂ ಜಾಗವಿತ್ತು, ಫುಟ್‌ಬಾಲಿಗೆ ಇರಲಿಲ್ಲ. ಹೀಗಾಗಿ ಬೇರೆಡೆ ಫುಟ್‌ಬಾಲ್ ಕ್ಲಬ್ ಮಾಡಿದ ಕೆಲಸವನ್ನು ಇಲ್ಲಿ ತರುಣ ಸಂಘ ಮಾಡಿತು.

ಫಲಕದ ಮೇಲಿನ 'ನಾವು'

ತರುಣ ಸಂಘಗಳ ಹೆಸರುಗಳಲ್ಲೂ ಅದೇ ಬಗೆಗಳು ಕಾಣುತ್ತವೆ. ಮೊದಲನೆಯದು ದೇವರ ಹೆಸರು. ಗರಡಿಯ ದೇವರು ಹಣಮಪ್ಪನಾದ್ದರಿಂದ ಅವನ ಹೆಸರಿಗೆ ಮೊದಲ ಮಣೆ. ಜೊತೆಗೆ ಆಯಾ ಊರಿನ ಲಿಂಗ, ದೇವಿ, ಪವಾಡಪುರುಷ. ಎರಡನೆಯದು ಮಹಾಪುರುಷರ ಹೆಸರು: ಬಸವೇಶ್ವರ, ವಿವೇಕಾನಂದ, ಅಂಬೇಡ್ಕರ್, ಸಂಗೊಳ್ಳಿ ರಾಯಣ್ಣ, ಟಿಪ್ಪು. ಮೂರನೆಯದು ಓಣಿಯ, ಪೇಟೆಯ, ಅಗಸಿಯ ಹೆಸರು. ನಾಲ್ಕನೆಯದು ಪಟ್ಟಣದ ಗಾಳಿ ಬೀಸಿದ ಮೇಲೆ ಬಂದ ಸ್ಟಾರ್, ಟೈಗರ್ಸ್, ಬಾಯ್ಸ್, ಫ್ರೆಂಡ್ಸ್. ಕೊನೆಯ ಪದಕ್ಕೂ ಚರಿತ್ರೆಯಿದೆ. 'ಮಂಡಳ' ಎಂಬುದು ಮುಂಬಯಿ ಪ್ರಾಂತದ ಬಳುವಳಿ. 1972ರಲ್ಲಿ ನೆಹರೂ ಯುವ ಕೇಂದ್ರಗಳು ಆರಂಭವಾದ ಮೇಲೆ ಸರಕಾರಿ ಕಾಗದಪತ್ರಗಳ 'ಯುವಕ ಮಂಡಳ', 'ಯುವತಿ ಮಂಡಳ'ಗಳು ಹಳ್ಳಿಯ ಫಲಕಗಳಿಗೂ ಇಳಿದವು.

ಹೆಸರು ಕಾಗದಕ್ಕೆ ಏರುವುದು ನೋಂದಣಿಯಾದಾಗ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಪ್ರಕಾರ ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು. ಅಂಕಣಕ್ಕಿಳಿಯುವ ಕಬಡ್ಡಿ ತಂಡದ ಸಂಖ್ಯೆಯೂ ಏಳೇ. ಅಂದರೆ ಒಂದು ತಂಡ ಕೂಡಿತೆಂದರೆ ಒಂದು ಸಂಘಕ್ಕೆ ಬೇಕಾದಷ್ಟು ಜನ ಕೂಡಿದಂತೆಯೇ.

ಆ ಏಳು ಜನ ಯಾರು ಎಂಬುದೇ ಮುಖ್ಯ. ಒಂದೇ ಊರಿನಲ್ಲಿ ಮೂರು ಮಹಾಪುರುಷರ ಹೆಸರಿನ ಮೂರು ಸಂಘಗಳಿದ್ದರೆ ಅವು ಮೂರು ಓಣಿಗಳ, ಮೂರು ಸಮುದಾಯಗಳ ಸಂಘಗಳಾಗಿರುವ ಸಂಭವ ಹೆಚ್ಚು. ಜಾತಿಯನ್ನು ಒಡೆಯಲು ಹೊರಟವರ ಹೆಸರು ಜಾತಿಯ ಗುರುತಾಗಿಬಿಡುವುದು ನಮ್ಮ ಕಾಲದ ವಿಪರ್ಯಾಸ. ಬಾಗೇವಾಡಿಯ ಹೆಸರನ್ನೇ ನೋಡಬಹುದು. ಹಳೆಯ ಗೆಜೆಟಿಯರುಗಳಲ್ಲಿ ಅದು ಬರಿಯ ಬಾಗೇವಾಡಿ. ಬಸವಣ್ಣನವರ ಜನ್ಮಸ್ಥಳವೆಂಬ ಅಭಿಮಾನದಿಂದ 'ಬಸವನ' ಎಂಬ ಪದ ಮುಂದೆ ಕೂಡಿತು. ಬೆಳಗಾವಿ ಕಡೆಯ ಹಿರೇಬಾಗೇವಾಡಿಯಿಂದ ಬೇರೆಯಾಗಿ ಗುರುತಿಸಲೂ ಅನುಕೂಲವಾಯಿತು. ಅಲ್ಲಿ ಆ ಹೆಸರು ಇಡೀ ಊರಿಗೆ ಸೇರಿದ್ದು, ಒಂದು ಓಣಿಗಲ್ಲ. ಹೆಸರು ಅದೇ ಇದ್ದರೂ ಅದನ್ನು ಯಾರು ಹಂಚಿಕೊಳ್ಳುತ್ತಾರೆ ಎಂಬುದರ ಮೇಲೆ ಅದರ ಅರ್ಥ ಹಿಗ್ಗುತ್ತದೆ, ಕುಗ್ಗುತ್ತದೆ.

ಹಿಗ್ಗಿದ ಹೆಸರಿಗೆ ಈ ಸೀಮೆಯಲ್ಲೇ ಒಂದು ಹಿರಿಯ ಮಾದರಿ ಇದೆ. ಅದು ಆಟದ ತಂಡವಲ್ಲ. ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದವರು ಕೂಡಿ ಹಳ್ಳಿಯ ಹೆಂಗಸರ ಹಾಡುಗಳನ್ನು ಕಲೆಹಾಕಿದರು. 1931ರಲ್ಲಿ 'ಗರತಿಯ ಹಾಡು' ಅಚ್ಚಾಯಿತು. ಕನ್ನಡ ಸಾಹಿತ್ಯದಲ್ಲಿ ಅವರಿಗೆ ಇರುವ ಹೆಸರು 'ಹಲಸಂಗಿ ಗೆಳೆಯರು'. ಊರಿನ ಹೆಸರು, ಅದರ ಮುಂದೆ ಗೆಳೆತನ, ಅಷ್ಟೇ. ಆ ಹೆಸರಿನೊಳಗೆ ಚೆನ್ನಮಲ್ಲಪ್ಪನೂ ಧೂಲಾಸಾಹೇಬನೂ ಒಂದೇ ಸಾಲಿನಲ್ಲಿ ಕೂತರು. ಬೆಂಗಳೂರಿನ ಕ್ರಿಕೆಟ್‌ನಲ್ಲಿ 'ಫ್ರೆಂಡ್ಸ್ ಯೂನಿಯನ್' ಎಂಬ ಕ್ಲಬ್ ಇದೆ. ಅದೇ ಅರ್ಥದ ಹೆಸರನ್ನು ಹಲಸಂಗಿಯವರು ತೊಂಬತ್ತು ವರ್ಷಗಳಿಗೂ ಹಿಂದೆಯೇ ಅಚ್ಚಗನ್ನಡದಲ್ಲಿ ಹೊತ್ತಿದ್ದರು.

ಹರಾಜಿನ ಹೆಸರು

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಹೆಸರು ಬಂದಿದೆ. ಅದನ್ನು ಇಡುವವರು ಆಟಗಾರರೂ ಅಲ್ಲ, ಊರಿನವರೂ ಅಲ್ಲ; ತಂಡವನ್ನು ಕೊಂಡವರು. ಊರಿನ ಹೆಸರಿನ ಮೊದಲ ಅಕ್ಷರಕ್ಕೆ ಹೊಂದುವ ಒಂದು ಇಂಗ್ಲಿಷ್ ಪ್ರಾಣಿಯನ್ನು ಹುಡುಕಿದರೆ ಕೆಲಸ ಮುಗಿಯಿತು. 2014ರಲ್ಲಿ ಆರಂಭವಾದ ವೃತ್ತಿಪರ ಕಬಡ್ಡಿ ಲೀಗ್‌ನಲ್ಲಿ 'ಬೆಂಗಳೂರು ಬುಲ್ಸ್' ಬಂತು. ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್‌ನಲ್ಲಿ 'ಬಿಜಾಪುರ್ ಬುಲ್ಸ್' ಇತ್ತು. 'ಬುಲ್' ಎಂದರೆ ಕನ್ನಡದಲ್ಲಿ ಹೋರಿ, ಗೂಳಿ, ಬಸವ. ತನ್ನ ಹೆಸರಿನ ಮುಂದೆ 'ಬಸವನ' ಎಂದು ಇಟ್ಟುಕೊಂಡ ಊರೇ ಇರುವ ಜಿಲ್ಲೆಗೆ ಆ ಪದವನ್ನು ಇಂಗ್ಲಿಷಿನಿಂದ ತರಬೇಕಾಗಿರಲಿಲ್ಲ.

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಅಧಿಕೃತವಾಗಿ ಬದಲಾಯಿತು, ಬಿಜಾಪುರ ವಿಜಯಪುರವಾಯಿತು. ಕ್ರಿಕೆಟ್ ತಂಡ ಮಾತ್ರ ಬಿಜಾಪುರ್ ಬುಲ್ಸ್ ಆಗಿಯೇ ಉಳಿಯಿತು. ಹೆಸರು ಬದಲಿಸಿದ್ದರೆ ಎರಡು 'ಬ'ಕಾರಗಳ ಪ್ರಾಸ ಕೆಡುತ್ತಿತ್ತು. ಅದೇ ಹೆಸರಿನಲ್ಲಿ ಆ ತಂಡ 2015ರಲ್ಲೂ 2018ರಲ್ಲೂ ಪ್ರಶಸ್ತಿ ಗೆದ್ದಿತು. ಆದರೆ ಪಂದ್ಯಗಳು ನಡೆದದ್ದು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ. ಇಂಡಿಯ ಹುಡುಗ ತನ್ನ ಜಿಲ್ಲೆಯ ಹೆಸರಿನ ತಂಡವನ್ನು ನೋಡಬೇಕಾದದ್ದು ದೂರದರ್ಶನದ ಪರದೆಯ ಮೇಲೆ. 2019ರ ನಂತರ ಆ ಲೀಗ್ ನಿಂತಿತು. 2022ರಲ್ಲಿ ಅದರ ಜಾಗದಲ್ಲಿ ಮಹಾರಾಜ ಟ್ರೋಫಿ ಬಂದಾಗ ಆರು ತಂಡಗಳಲ್ಲಿ ಬಿಜಾಪುರವೂ ಇರಲಿಲ್ಲ, ವಿಜಯಪುರವೂ ಇರಲಿಲ್ಲ. ಎರಡು ಸಲ ಗೆದ್ದ ಹೆಸರು ಹೀಗೆ ಹೋಯಿತು. ಅದಕ್ಕಾಗಿ ಯಾವ ಓಣಿಯಲ್ಲೂ ಫಲಕ ಇಳಿಸುವ ಪ್ರಸಂಗ ಬರಲಿಲ್ಲ, ಏಕೆಂದರೆ ಫಲಕ ಏರಿಸಿದವರೇ ಇರಲಿಲ್ಲ.

ಹಣವಂತರ ತಂಡಗಳೆಲ್ಲ ಹೀಗೆಯೇ ಎಂದು ಹೇಳುವಂತಿಲ್ಲ. 2013ರ ಜುಲೈನಲ್ಲಿ ಒಂದು ಉಕ್ಕಿನ ಉದ್ಯಮ ಸಮೂಹ ಬೆಂಗಳೂರಿನಲ್ಲಿ ಫುಟ್‌ಬಾಲ್ ಕ್ಲಬ್ ಕಟ್ಟಿತು. ಅದಕ್ಕೆ ತನ್ನ ಹೆಸರನ್ನಿಡಲಿಲ್ಲ, ಪ್ರಾಣಿಯನ್ನೂ ಹುಡುಕಲಿಲ್ಲ. ಸರಳವಾಗಿ 'ಬೆಂಗಳೂರು ಎಫ್‌ಸಿ' ಎಂದಿತು. ಆಗ ಸರಕಾರಿ ಇಂಗ್ಲಿಷಿನಲ್ಲಿ ನಗರದ ಹೆಸರು ಇನ್ನೂ 'ಬ್ಯಾಂಗಲೋರ್'. ಸರಕಾರದ ಆದೇಶಕ್ಕಿಂತ ಒಂದು ವರ್ಷಕ್ಕೂ ಮೊದಲೇ ಒಂದು ಫುಟ್‌ಬಾಲ್ ತಂಡ ಕನ್ನಡದ ಉಚ್ಚಾರವನ್ನು ತನ್ನ ಅಂಗಿಯ ಮೇಲೆ ಬರೆದುಕೊಂಡಿತ್ತು. ಮೊದಲ ವರ್ಷವೇ ಅದು ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಗ್ಯಾಲರಿಯ ಪಶ್ಚಿಮ ಭಾಗದಲ್ಲಿ ಕೂಡುತ್ತಿದ್ದ ಅಭಿಮಾನಿಗಳು ತಮ್ಮ ಗುಂಪಿಗೆ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂದು ಹೆಸರಿಟ್ಟುಕೊಂಡರು. ಕ್ಲಬ್ಬಿನ ಹೆಸರನ್ನು ಧಣಿ ಕೊಟ್ಟರೂ ತಾವು ಕೂಡುವ ಕಟ್ಟೆಯ ಹೆಸರನ್ನು ಜನ ತಾವೇ ಇಟ್ಟುಕೊಂಡರು. ಕೊಲ್ಲಾಪುರದ 'ಕಾಲುವೆಯ ಕಡೆಯವರು' ಮಾಡಿದ್ದೂ ಇದನ್ನೇ.

ಒಂದು ಹೆಸರು ಬಾಳುವುದು ಅದರ ಕೆಳಗೆ ನಿತ್ಯ ಕೂಡುವ ಜನರಿರುವಾಗ. ವೆಡ್ನೆಸ್‌ಡೇ ಎಂಬುದಕ್ಕೆ ಇಂದು ಅರ್ಥವಿಲ್ಲ, ಈಸ್ಟ್ ಬೆಂಗಾಲ್ ಎಂಬ ಪ್ರಾಂತ ಭೂಪಟದಲ್ಲಿಲ್ಲ. ಜನರಿದ್ದಾರೆ, ಹೆಸರು ಉಳಿದಿದೆ. ಆ ಹೆಸರು ಎಷ್ಟು ಜನರಿಗೆ ಜಾಗ ಕೊಡುತ್ತದೆ ಎಂಬುದು ಬೇರೆ ಮಾತು. ಅದನ್ನು ನೋಂದಣಿ ಕಚೇರಿ ಹೇಳಲಾರದು, ಪ್ರಾಯೋಜಕರೂ ಹೇಳಲಾರರು. ಬರುವ ಜಾತ್ರೆಗೆ ಮುದ್ದೇಬಿಹಾಳದ ಕಡೆಯ ಯಾವುದೋ ಊರಿನಲ್ಲಿ ಹುಡುಗರು ಹೊಸ ತಂಡ ಕಟ್ಟುತ್ತಾರೆ. ಪೇಂಟರನನ್ನು ಕರೆಸಿ ತಗಡಿಗೆ ಬಿಳಿ ಬಣ್ಣ ಬಳಿಸಿ, ಮೇಲೆ ಏನು ಬರೆಸಬೇಕೆಂದು ಕಟ್ಟೆಯ ಮೇಲೆ ಕೂತು ವಾದಿಸುತ್ತಾರೆ. ಆ ವಾದಕ್ಕೆ ಯಾವ ಯಾವ ಓಣಿಯ ಹುಡುಗರನ್ನು ಕರೆದಿದ್ದಾರೆ ಎಂಬುದರಲ್ಲೇ ತಂಡದ ನಿಜವಾದ ಹೆಸರು ಇರುತ್ತದೆ.